ಶಾಸ್ತ್ರಗದ್ಯದ ಸಂಗ್ರಹವೂ ಅದರ ಬೋಧನಕ್ರಮವೂ

೧

ಒಂದು ಗ್ರಂಥದಲ್ಲಿ ವಿಸ್ತಾರವಾಗಿ ಪ್ರತಿಪಾದಿತವಾದ ಅರ್ಥವನ್ನು ಅದಕ್ಕಿಂತ ಕಿರಿದಾದ ವಾಕ್ಯಸಮುದಾಯದಲ್ಲಿ, ಅರ್ಥಹಾನಿಯಿಲ್ಲದಂತೆಯೂ ಅರ್ಥಾಂತರವು ಸೇರದಂತೆಯೂ ನಿರೂಪಿಸುವುದಕ್ಕೆ ಸಂಗ್ರಹವೆಂದು ಹೆಸರು. ಇದನ್ನೇ ಸಂಕ್ಷೇಪವೆಂದೂ ಸಾರಾಂಶವೆಂದೂ ವ್ಯವಹರಿಸುವುದುಂಟು. ಆದರೆ ಈ ಮೂರು ಶಬ್ದಗಳೂ ಒಂದೇ ವ್ಯಾಪಾರವನ್ನು ಹೇಳುವವುಗಳಲ್ಲ. ಸಂಗ್ರಹವೆಂದರೆ ಚೆನ್ನಾಗಿ ಹಿಡಿಯುವುದು. ಸಂಕ್ಷೇಪವೆಂದರೆ ಹರಡಿದುದನ್ನು ಒತ್ತಟ್ಟಿಗೆ ತರುವುದು. ಸಾರಾಂಶವೆಂದರೆ ಅಸಾರವನ್ನು ಬಿಟ್ಟು ಉಳಿದ ಭಾಗ. ಮೊದಲನೆಯದು ಬುದ್ಧಿಯ ಕಾರ್ಯ, ಎರಡನೆಯದು ಮಾತಿನ ಕಾರ್ಯ, ಮೂರನೆಯದು ಇವೆರಡರ ಫಲ. ಹಿಡಿಯದೆ ಇದ್ದುದನ್ನು ಒತ್ತಟ್ಟಿಗೆ ತರಲು ಹೊರಟರೆ ಫಲವು ಹೇಗಿದ್ದೀತೆಂಬುದನ್ನು ಕನ್ನಡನಾಡಿನ ಶಾಲೆಗಳ ಉತ್ತರಪತ್ರಿಕೆಗಳನ್ನು ತಿದ್ದುವ ಉಪಾಧ್ಯಾಯರೆಲ್ಲರೂ ಬಲ್ಲರು.

ಈ ವಿಷಯದಲ್ಲಿ ಮೊದಲು ಗಮನಿಸತಕ್ಕ ಸಂಗತಿಯೊಂದಿದೆ. ಹತ್ತನೆಯ ತರಗತಿಯ ಪ್ರಥಮಭಾಷೆಯ ಪ್ರಶ್ನಪತ್ರಿಕೆಗಳಲ್ಲಿ ಸಾರಾಂಶವನ್ನು ಬರೆಯಿರೆಂದು ಕೇಳುವ ರೂಢಿಯಿರುವುದು ಪದ್ಯಭಾಗಕ್ಕೆ. ಗದ್ಯಪಾಠಗಳ ವಿಷಯದಲ್ಲಿ ಎಂಟು ಹತ್ತು ವಾಕ್ಯಗಳ ಉತ್ತರವನ್ನು ಅಪೇಕ್ಷಿಸುವ ಪ್ರಶ್ನೆಗಳಿರುತ್ತವೆ. ಪಾಠದ ಹೊರಗಿನ ಗದ್ಯಭಾಗವನ್ನು ಕೊಟ್ಟರೂ ಅದರೊಳಗಿನ ಬಿಡಿ ಸಂಗತಿಗಳನ್ನೇ ಕೇಳುವುದು ವಾಡಿಕೆ. ಇದರಿಂದ ವಿಪರೀತವಾದ ಒಂದು ಸ್ಥಿತಿಯುಂಟಾಗಿದೆ. ಕಾವ್ಯದಲ್ಲಿ ಶಬ್ದಾರ್ಥಗಳು ಒಂದನ್ನೊಂದು ಬಿಟ್ಟಿರಲಾರವು. ಪದ್ಯವನ್ನು ಗದ್ಯವಾಗಿ ಕುಗ್ಗಿಸಿದಾಗ ಉಳಿಯುವುದು ಕಥಾಂಶ ಅಥವಾ ನೀತಿ, ಹೋಗುವುದು ಕಾವ್ಯತ್ವ. ಶಾಸ್ತ್ರಗದ್ಯದಲ್ಲಾದರೋ ಅರ್ಥವೇ ಪ್ರಧಾನ. ಬೇರೆ ಮಾತುಗಳಲ್ಲಿ ಹೇಳಿದರೂ ಅರ್ಥವು ಅದೇ ಆಗಿರಬಲ್ಲುದು. ಸಾರಾಂಶಕ್ಕೆ ಒಗ್ಗುವ ಬರೆಹದಲ್ಲಿ ಅದನ್ನು ಕೇಳದೆ, ಒಗ್ಗದ ಬರೆಹದಲ್ಲಿ ಕೇಳುವುದೇ ಪದ್ಧತಿಯಾಗಿದೆ.

ಇಷ್ಟಾಗಿಯೂ ಮುಂದೆ ಉದ್ಯೋಗವನ್ನು ಬಯಸುವ ತರುಣನಿಗೆ ಗದ್ಯಸಂಗ್ರಹವು ಅನಿವಾರ್ಯವಾಗುತ್ತದೆ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯಪರೀಕ್ಷೆಯ ಭಾರತೀಯ ಭಾಷಾಪತ್ರಿಕೆಯಲ್ಲಿ ೩೦೦ ಅಂಕಗಳ ಪೈಕಿ ೬೦ ಅಂಕಗಳು ಇದಕ್ಕೆ ಮೀಸಲು. ಕೊಟ್ಟ ಗದ್ಯಭಾಗವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿ ಸ್ವಂತ ಮಾತುಗಳಲ್ಲಿ ಬರೆಯಬೇಕು. ಹತ್ತು ಹನ್ನೆರಡು ವರ್ಷ ಕನ್ನಡವನ್ನು ಕಲಿತವನು ಈ ಕೌಶಲವನ್ನು ಪರೀಕ್ಷೆಯ ಮುನ್ನಾದಿನಗಳಲ್ಲಿ ಯಾರದೋ ಕೈಪಿಡಿಯಿಂದ ಹೊಸದಾಗಿ ಕಲಿಯಬೇಕಾಗಿ ಬರುವುದು ಭಾಷಾಬೋಧನೆಗೆ ಶೋಭೆಯಲ್ಲ. ಪರೀಕ್ಷೆಯ ಮಾತು ಹಾಗಿರಲಿ. ವೈದ್ಯ, ನ್ಯಾಯ, ಇತಿಹಾಸ, ಅರ್ಥಶಾಸ್ತ್ರ, ಯಾವುದನ್ನೇ ಓದುವವನಾದರೂ ಓದಿದುದರ ಪ್ರತಿಜ್ಞೆಯೇನು, ಹೇತುವೇನು ಎಂಬುದನ್ನು ಹಿಡಿದಿಡಲಾರದೆ ಹೋದರೆ ಅವನ ಓದು ಕೇವಲ ಕಣ್ಣಿನ ಶ್ರಮವಾಗುತ್ತದೆ. ಪರಮತವನ್ನು ಯಥಾರ್ಥವಾಗಿ ಅನುವಾದಮಾಡಲಾರದವನು ಅದನ್ನು ಒಪ್ಪುವುದಕ್ಕೂ ಖಂಡಿಸುವುದಕ್ಕೂ ಅಧಿಕಾರಿಯಲ್ಲ. ಸಂಗ್ರಹಶಿಕ್ಷಣದ ಪ್ರಯೋಜನವು ಈ ಅಧಿಕಾರಸಂಪಾದನೆಯೇ ಆಗಿದೆ.

೨

ಸಂಗ್ರಹವು ಆಂಗ್ಲರ ಕಚೇರಿಗಳಿಂದ ಬಂದ ವಿದ್ಯೆಯೆಂದು ಕೆಲವರು ಭಾವಿಸುವುದುಂಟು. ಕಡತಗಳನ್ನು ಕುಗ್ಗಿಸಿ ಮೇಲಧಿಕಾರಿಗಳಿಗೆ ಒಪ್ಪಿಸುವ ಪ್ರೆಸಿ ಎಂಬ ಬರೆಹವು ಆ ದಾರಿಯಿಂದ ಬಂದುದು ನಿಜ. ಆದರೆ ಸಂಗ್ರಹದ ವಿಚಾರವು ಈ ದೇಶದಲ್ಲಿ ಬಹು ಪ್ರಾಚೀನವಾದುದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮುದ್ರಿಸಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನೇ ನೋಡಬಹುದು. ಅದರ ಮೊದಲನೆಯ ಅಧ್ಯಾಯವು ಇಡೀ ಗ್ರಂಥದ ವಿಷಯಾನುಕ್ರಮಣಿಕೆ. ೧೫ ಅಧಿಕರಣಗಳು, ೧೫೦ ಅಧ್ಯಾಯಗಳು, ೧೮೦ ಪ್ರಕರಣಗಳು ಎಂಬ ಲೆಕ್ಕವೂ ಅಲ್ಲಿಯೇ ಇದೆ. ಕಡೆಯ ಅಧಿಕರಣವು ೩೨ ತಂತ್ರಯುಕ್ತಿಗಳನ್ನು, ಎಂದರೆ ಶಾಸ್ತ್ರಗ್ರಂಥವನ್ನು ಕಟ್ಟುವ ಮತ್ತು ಬಿಡಿಸುವ ಉಪಾಯಗಳನ್ನು, ಆ ಗ್ರಂಥದಿಂದಲೇ ಉದಾಹರಣೆಗಳನ್ನೆತ್ತಿ ವಿವರಿಸುತ್ತದೆ. ಅವುಗಳಲ್ಲಿ ಉದ್ದೇಶ ಮತ್ತು ನಿರ್ದೇಶ ಎಂಬ ಎರಡು ಯುಕ್ತಿಗಳು ಪ್ರಕೃತಕ್ಕೆ ಬಹಳ ಉಪಯುಕ್ತವಾದವು. ಅಡಕವಾಗಿ ಹೇಳಿದ ವಾಕ್ಯವು ಉದ್ದೇಶ. ಅದನ್ನೇ ಬಿಡಿಸಿ ಹೇಳಿದ ವಾಕ್ಯವು ನಿರ್ದೇಶ. ಇಂದ್ರಿಯಜಯವೆಂದು ಒಂದು ಮಾತಿನಲ್ಲಿ ಹೇಳಿದುದು ಮೊದಲನೆಯದಕ್ಕೆ ಉದಾಹರಣೆ. ಒಂದೊಂದು ಇಂದ್ರಿಯವನ್ನೂ ಅದರ ವಿಷಯವನ್ನೂ ಹೆಸರಿಸಿ ಬಿಡಿಸಿ ಹೇಳಿದುದು ಎರಡನೆಯದಕ್ಕೆ. ಒಂದು ಗದ್ಯಭಾಗದಲ್ಲಿ ಯಾವುದು ಉದ್ದೇಶವಾಕ್ಯ, ಯಾವುದು ನಿರ್ದೇಶವಾಕ್ಯ ಎಂದು ವಿಂಗಡಿಸಲು ಬಲ್ಲ ವಿದ್ಯಾರ್ಥಿಗೆ ಸಂಗ್ರಹದ ಅರ್ಧಭಾಗವು ಕೈವಶವಾದಂತೆಯೇ.

ಚರಕಸಂಹಿತೆಯಲ್ಲಿ ಪ್ರತಿಯೊಂದು ಅಧ್ಯಾಯದ ಕೊನೆಯಲ್ಲಿಯೂ ಆ ಅಧ್ಯಾಯದ ವಿಷಯಗಳನ್ನು ಕೂಡಿಸಿ ಹೇಳುವ ಶ್ಲೋಕಗಳಿವೆ. ವಿಜಯನಗರದ ಬುಕ್ಕರಾಯನ ಕಾಲದ ಮಾಧವಾಚಾರ್ಯರು ಜೈಮಿನೀಯ ನ್ಯಾಯಮಾಲೆಯಲ್ಲಿ ಪೂರ್ವಮೀಮಾಂಸೆಯ ಅಧಿಕರಣಗಳನ್ನು ಒಂದೆರಡು ಶ್ಲೋಕಗಳಷ್ಟರಲ್ಲಿ ಅಡಗಿಸಿ, ತಾವೇ ವಿಸ್ತರವೆಂಬ ವ್ಯಾಖ್ಯಾನವನ್ನೂ ಬರೆದರು. ಆ ಶ್ಲೋಕಗಳ ರಚನೆ ಗಮನಾರ್ಹವಾದುದು. ಇಷ್ಟು ಚಿಕ್ಕ ಸ್ಥಳದಲ್ಲಿಯೂ ಸಂಶಯಕ್ಕೆ ಸ್ಥಾನವಿದೆ, ಪೂರ್ವಪಕ್ಷಕ್ಕೆ ಸ್ಥಾನವಿದೆ, ಆಮೇಲೆ ಸಿದ್ಧಾಂತ. ಕುಗ್ಗಿಸುವ ಅವಸರದಲ್ಲಿ ಸಿದ್ಧಾಂತವೊಂದನ್ನೇ ಉಳಿಸಿ ಉಳಿದವನ್ನು ತಳ್ಳಿಹಾಕಿಲ್ಲ. ಯಾವ ಪ್ರಶ್ನೆಗೆ ಅದು ಉತ್ತರವೆಂಬುದನ್ನು ತಿಳಿಯದವನಿಗೆ ಸಿದ್ಧಾಂತವು ಬರಿಯ ಘೋಷಣೆಯಾಗಿ ಕೇಳಿಸುತ್ತದೆಂಬುದು ಅವರಿಗೆ ಗೊತ್ತಿತ್ತು. ಮಾಧವಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಸರ್ವದರ್ಶನಸಂಗ್ರಹವು ಚಾರ್ವಾಕಮತದಿಂದ ಆರಂಭವಾಗುತ್ತದೆ. ಗ್ರಂಥಕಾರನಿಗೆ ಸರ್ವಥಾ ಸಮ್ಮತವಲ್ಲದ ಆ ಮತವು ಅಲ್ಲಿ ತನ್ನ ಯುಕ್ತಿಗಳೊಡನೆಯೇ ನಿರೂಪಿತವಾಗಿರುವುದರಿಂದ ಇಂದಿನ ವಿದ್ವಾಂಸರೂ ಚಾರ್ವಾಕರ ವಿಷಯವನ್ನು ತಿಳಿಯಲು ಆ ಪ್ರಕರಣವನ್ನೇ ಆಶ್ರಯಿಸುತ್ತಾರೆ. ಸಂಗ್ರಹಕಾರನ ಪ್ರಾಮಾಣಿಕತೆಗೆ ಇದಕ್ಕಿಂತ ದೊಡ್ಡ ನಿದರ್ಶನವು ಬೇಕಾಗಿಲ್ಲ.

ಕನ್ನಡದಲ್ಲಿಯೂ ಈ ವಿದ್ಯೆಯ ಕುರುಹುಗಳುಂಟು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಭಾಷೆಯ ಸಮಸ್ತ ಲಕ್ಷಣವನ್ನೂ ಕಂದಪದ್ಯದ ಸೂತ್ರಗಳಲ್ಲಿ ಅಡಗಿಸಿ ವೃತ್ತಿಯಿಂದ ಬಿಡಿಸಿದನು. ಕುಮಾರವ್ಯಾಸನ ಭಾರತದಲ್ಲಿ ಸಂಧಿಯ ತಲೆಯಲ್ಲಿ ಬರುವ ಸೂಚನೆಯು ಆ ಸಂಧಿಯ ಕಥೆಯನ್ನು ಮೂರು ಸಾಲುಗಳಿಗೆ ಇಳಿಸುತ್ತದೆ. ಗಮಕಿಯು ಸೂಚನೆಯನ್ನು ವಾಚಿಸಿದೊಡನೆ ಕೇಳುವವರಿಗೆ ಮುಂದಿನ ದಾರಿ ತೋರುತ್ತದೆ. ಆದರೆ ಸೂಚನೆಯು ನಡೆದ ಸಂಗತಿಯ ಸಂಗ್ರಹ. ಶಾಸ್ತ್ರಗದ್ಯದಲ್ಲಿ ಸಂಗ್ರಹಿಸಬೇಕಾದುದು ಯುಕ್ತಿಯ ನಡಿಗೆ. ಕಥೆಯನ್ನು ಹೇಳುವ ಮಗುವು ಆಮೇಲೆ, ಆಮೇಲೆ ಎನ್ನುತ್ತ ಮುಂದುವರಿಯಬಹುದು. ಯುಕ್ತಿಯನ್ನು ಹೇಳುವವನು ಏಕೆಂದರೆ, ಆದುದರಿಂದ, ಆದರೂ ಎಂಬ ಮಾತುಗಳನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಇಡಲಾರನು. ಶಾಲೆಯಲ್ಲಿ ಕಥಾಸಂಗ್ರಹವನ್ನು ಮಾತ್ರ ಅಭ್ಯಾಸಮಾಡಿದವರು ಗದ್ಯಸಂಗ್ರಹದಲ್ಲಿ ಎಡವುವುದಕ್ಕೆ ಈ ಭೇದವನ್ನು ಯಾರೂ ತೋರಿಸಿಕೊಡದಿರುವುದೇ ಮುಖ್ಯಕಾರಣವೆಂದು ಹೇಳಬಹುದು.

೩

ವಿಷಯವನ್ನು ಉದಾಹರಣೆಯಿಂದ ಪರೀಕ್ಷಿಸುವುದು ಯುಕ್ತ. ಮೈಸೂರು ನಗರದೊಳಗೆ ಈಗ ಸೇರಿಹೋಗಿರುವ ಕುಂಬಾರಕೊಪ್ಪಲು ಎಂಬ ಬಡಾವಣೆಯ ಹೆಸರೇ ಅದು ಹಿಂದೆ ಕುಂಬಾರರ ವಸತಿಯಾಗಿದ್ದುದನ್ನು ಸೂಚಿಸುತ್ತದೆ. ನೈಯಾಯಿಕರ ಗ್ರಂಥಗಳಲ್ಲಿ ಘಟದ ಉದಾಹರಣೆಯಿಲ್ಲದ ಪುಟವು ಅಪರೂಪ. ಅಲ್ಲಿಯ ಶಾಲಾಬಾಲಕರಿಗೂ ತರ್ಕಪಾಠದ ವಿದ್ಯಾರ್ಥಿಗಳಿಗೂ ಸಮಾನವಾಗಿ ಪರಿಚಿತವಾದ ಮಣ್ಣಿನ ಗಡಿಗೆಯನ್ನೇ ವಿಷಯವಾಗಿಟ್ಟುಕೊಂಡು ಅಭ್ಯಾಸಕ್ಕೆಂದು ರಚಿಸಿದ ಗದ್ಯಭಾಗವೊಂದು ಹೀಗಿದೆ:

“ಬೇಸಗೆಯಲ್ಲಿ ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದೂ ತಾಮ್ರದ ಕೊಡದ ನೀರು ಹಾಗಿರದಿರುವುದೂ ಎಲ್ಲರೂ ಬಲ್ಲ ಸಂಗತಿ. ಮಣ್ಣು ಸ್ವಭಾವದಿಂದಲೇ ತಂಪಾದುದು, ಆದುದರಿಂದ ನೀರೂ ತಣ್ಣಗಾಗುತ್ತದೆ ಎಂದು ಅನೇಕರು ಹೇಳುವರು. ಇದು ಸರಿಯಲ್ಲ. ಗಡಿಗೆಯ ಹೊರಮೈಗೆ ಎಣ್ಣೆಬಣ್ಣವನ್ನು ಬಳಿದರೆ ಮಣ್ಣು ಅದೇ ಇದ್ದರೂ ನೀರು ಮೊದಲಿನಂತೆ ತಣ್ಣಗಾಗುವುದಿಲ್ಲ. ಕುಂಬಾರನು ಕೆರೆಯ ಜೇಡಿಮಣ್ಣನ್ನು ತಂದು, ಕಲ್ಲು ಬೇರುಗಳನ್ನು ತೆಗೆದು, ಮರಳು ಬೆರಸಿ ತುಳಿದು, ತಿಗುರಿಯ ಮೇಲೆ ಪಾತ್ರೆಯಾಗಿ ಎತ್ತಿ, ಹಲಗೆಯಿಂದ ತಟ್ಟಿ, ನೆರಳಿನಲ್ಲಿ ಒಣಗಿಸಿ, ಆವಗೆಯಲ್ಲಿ ಸುಡುತ್ತಾನೆ. ಹೀಗೆ ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮರಂಧ್ರಗಳು ಉಳಿಯುತ್ತವೆ. ಒಳಗಿನ ನೀರು ಈ ರಂಧ್ರಗಳ ಮೂಲಕ ಹೊರಮೈಗೆ ಜಿನುಗಿ, ಗಾಳಿ ತಗುಲಿ ಆವಿಯಾಗುತ್ತದೆ. ನೀರು ಆವಿಯಾಗಬೇಕಾದರೆ ಶಾಖ ಬೇಕು. ಆ ಶಾಖವನ್ನು ಅದು ಗಡಿಗೆಯಿಂದಲೂ ಒಳಗಿನ ನೀರಿನಿಂದಲೂ ಎಳೆದುಕೊಳ್ಳುತ್ತದೆ. ಬೆವರಿದ ಮೈಗೆ ಗಾಳಿ ಬೀಸಿದಾಗ ತಂಪಾಗುವುದೂ ಹೀಗೆಯೇ. ಗಾಳಿಯಲ್ಲಿ ತೇವವು ತುಂಬಿರುವ ಮಳೆಗಾಲದಲ್ಲಿ ನೀರು ಬೇಗನೆ ಆವಿಯಾಗಲಾರದಾದಕಾರಣ ಗಡಿಗೆಯ ಗುಣ ಅಷ್ಟಾಗಿ ತೋರದು. ಆದಕಾರಣ ತಂಪಿಗೆ ಕಾರಣವು ಮಣ್ಣಿನ ಸ್ವಭಾವವಲ್ಲ, ಆವಿಯಾಗುವ ನೀರು.”

ಇದಕ್ಕೆ ಸಾಮಾನ್ಯವಾಗಿ ದೊರೆಯಬಹುದಾದ ಮೊದಲನೆಯ ಬಗೆಯ ಸಂಗ್ರಹವು ಹೀಗಿರುತ್ತದೆ: “ಮಣ್ಣಿನ ಗಡಿಗೆಯ ನೀರು ತಣ್ಣಗಿರುತ್ತದೆ. ಮಣ್ಣು ಸ್ವಭಾವದಿಂದಲೇ ತಂಪಾದುದು. ಕುಂಬಾರನು ಕೆರೆಯ ಮಣ್ಣನ್ನು ತಂದು ತುಳಿದು ತಿಗುರಿಯ ಮೇಲೆ ಪಾತ್ರೆ ಮಾಡಿ ಸುಡುತ್ತಾನೆ. ನೀರು ಆವಿಯಾಗುತ್ತದೆ. ಮಳೆಗಾಲದಲ್ಲಿ ಗಡಿಗೆಯ ಗುಣ ಅಷ್ಟಾಗಿ ತೋರದು.” ಇಲ್ಲಿಯ ವಾಕ್ಯಗಳೆಲ್ಲವೂ ಮೂಲದಿಂದಲೇ ಆಯ್ದವು, ಆದರೂ ಸಂಗ್ರಹವು ಮೂಲಕ್ಕೆ ವಿರುದ್ಧವಾದುದು. ಮೂಲವು ಯಾವ ಮತವನ್ನು ಖಂಡಿಸಲು ಹೊರಟಿತೋ ಅದೇ ಮತವು ಇಲ್ಲಿ ಗ್ರಂಥಕಾರನ ಬಾಯಲ್ಲಿ ಬಂದಿದೆ. ಪೂರ್ವಪಕ್ಷವನ್ನು ಸಿದ್ಧಾಂತವೆಂದು ತಿಳಿಯುವ ಈ ದೋಷವು ಅಕ್ಷರದೋಷ, ವಾಕ್ಯದೋಷಗಳಿಗಿಂತ ಎಷ್ಟೋ ಪಾಲು ಗುರುತರವಾದುದು. ಆದರೆ ಮೂಲದ ಮಾತುಗಳು ಕಾಣುತ್ತಿರುವುದರಿಂದ ತಿದ್ದುವವರ ಕಣ್ಣಿಗೆ ಇದು ಬೀಳದೆ ಅಂಕಗಳು ಲಭಿಸುವ ಸಂಭವವೇ ಹೆಚ್ಚು.

ಎರಡನೆಯ ಬಗೆ ಹೀಗೆ: “ಈ ಗದ್ಯಭಾಗದಲ್ಲಿ ಲೇಖಕರು ಮಣ್ಣಿನ ಗಡಿಗೆ, ಕುಂಬಾರನ ಕೆಲಸ, ನೀರು ಆವಿಯಾಗುವುದು ಇವುಗಳನ್ನು ಕುರಿತು ಸೊಗಸಾಗಿ ವಿವರಿಸಿದ್ದಾರೆ. ಕುಂಬಾರನ ಶ್ರಮವು ಮೆಚ್ಚತಕ್ಕದ್ದು. ಎಲ್ಲರೂ ಮಣ್ಣಿನ ಪಾತ್ರೆಯನ್ನು ಬಳಸಬೇಕೆಂಬುದೇ ಇದರ ಸಾರ.” ಇದರಲ್ಲಿ ವಿಷಯದ ಹೆಸರುಗಳಿವೆ, ವಿಷಯವಿಲ್ಲ. ಕೊನೆಯ ಎರಡು ವಾಕ್ಯಗಳು ಮೂಲದಲ್ಲಿಲ್ಲದ ಉಪದೇಶ. ಪದ್ಯದ ಸಾರಾಂಶದಲ್ಲಿ ಮೌಲ್ಯವನ್ನು ಹುಡುಕುವ ಅಭ್ಯಾಸವು ಗದ್ಯಕ್ಕೂ ಹರಿದುಬಂದು, ಎಲ್ಲ ಬರೆಹವೂ ಯಾವುದಾದರೊಂದು ನೀತಿಯನ್ನು ಬೋಧಿಸಲೇಬೇಕೆಂಬ ಭ್ರಮೆಯು ಬೇರೂರಿರುವುದರ ಫಲವಿದು.

ಸಾಧುವಾದ ಸಂಗ್ರಹವು ಹೀಗಿರಬಹುದು: “ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದು ಮಣ್ಣಿನ ಸ್ವಭಾವದಿಂದಲ್ಲ, ಹೊರಮೈಗೆ ಬಣ್ಣ ಬಳಿದ ಗಡಿಗೆಯಲ್ಲಿ ಆ ಗುಣ ಕಾಣದು. ಸುಟ್ಟ ಮಣ್ಣಿನ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಸೆಳೆಯುವುದೇ ಕಾರಣ. ಆದುದರಿಂದಲೇ ತೇವದ ಹವೆಯಲ್ಲಿ ತಂಪು ಕುಗ್ಗುತ್ತದೆ.” ಮೂಲದ ೧೦೫ ಪದಗಳು ಇಲ್ಲಿ ೨೮ ಆಗಿವೆ. ಮೂಲದಲ್ಲಿ ಎಲ್ಲಕ್ಕಿಂತ ದೀರ್ಘವಾದ ವಾಕ್ಯವು ಕುಂಬಾರನ ಕೆಲಸವನ್ನು ವರ್ಣಿಸುವುದು. ೨೦ ಪದಗಳ ಆ ವಾಕ್ಯದಿಂದ ಸಂಗ್ರಹಕ್ಕೆ ಬಂದಿರುವುದು ಸುಟ್ಟ ಎಂಬ ಒಂದೇ ಪದ. ಎರಡೇ ಪದಗಳ ‘ಇದು ಸರಿಯಲ್ಲ’ ಎಂಬ ವಾಕ್ಯವಾದರೋ ಸಂಗ್ರಹದ ಮೊದಲನೆಯ ವಾಕ್ಯಕ್ಕೆ ಪ್ರಾಣವಾಗಿದೆ. ವಾಕ್ಯದ ಉದ್ದಕ್ಕೂ ಅದರ ಪ್ರಾಧಾನ್ಯಕ್ಕೂ ಸಂಬಂಧವಿಲ್ಲವೆಂಬುದನ್ನು ವಿದ್ಯಾರ್ಥಿಗೆ ಮನಗಾಣಿಸಲು ಇಂಥ ಉದಾಹರಣೆಗಳು ಬೇಕು.

೪

ಯಾವುದು ಪ್ರಧಾನ, ಯಾವುದು ಅಂಗ ಎಂಬುದನ್ನು ತಿಳಿಯುವ ಬಗೆ ಹೇಗೆ? ‘ಮುಖ್ಯಾಂಶಗಳನ್ನು ಆರಿಸಿ ಬರೆಯಿರಿ’ ಎಂದಷ್ಟೇ ಹೇಳುವ ಕೈಪಿಡಿಗಳು ಸಾಧ್ಯವನ್ನೇ ಸಾಧನವೆಂದು ಹೇಳಿದಂತಾಯಿತು. ಮುಖ್ಯಾಂಶವಾವುದೆಂದು ತಿಳಿದಿದ್ದರೆ ವಿದ್ಯಾರ್ಥಿಗೆ ಕೈಪಿಡಿಯೇ ಬೇಕಾಗುತ್ತಿರಲಿಲ್ಲ.

ಇಲ್ಲಿ ಮೀಮಾಂಸಕರೂ ವೇದಾಂತಿಗಳೂ ತಾತ್ಪರ್ಯನಿರ್ಣಯಕ್ಕಾಗಿ ಹೇಳಿರುವ ಆರು ಲಿಂಗಗಳು ಸಹಾಯಕವಾಗುತ್ತವೆ. ಉಪಕ್ರಮೋಪಸಂಹಾರಗಳು, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬಿವೇ ಅವು. ಮೇಲಿನ ಗದ್ಯಭಾಗದಲ್ಲಿ ಉಪಕ್ರಮವು ತಣ್ಣಗಿರುವಿಕೆ, ಉಪಸಂಹಾರವು ಅದರ ಕಾರಣ. ಎರಡನ್ನೂ ಕೂಡಿಸಿದರೆ ‘ಏಕೆ ತಣ್ಣಗಿದೆ’ ಎಂಬ ಪ್ರಶ್ನೆಯು ದೊರೆಯುತ್ತದೆ. ಮತ್ತೆ ಮತ್ತೆ ಬಂದಿರುವುದು ಆವಿಯ ಮಾತು, ಇದು ಅಭ್ಯಾಸ. ಲೋಕಕ್ಕೆ ಮೊದಲೇ ತಿಳಿದಿರದ ಸಂಗತಿ, ಆವಿಯಾಗುವ ನೀರು ಶಾಖವನ್ನು ಎಳೆದುಕೊಳ್ಳುವುದು, ಇದು ಅಪೂರ್ವತೆ. ಗಡಿಗೆಯ ಗುಣವು ಯಾವಾಗ ತೋರುವುದು, ಯಾವಾಗ ತೋರದು ಎಂಬ ತಿಳಿವಳಿಕೆಯು ಫಲ. ಬಣ್ಣ ಬಳಿದ ಗಡಿಗೆಯೂ ಮಳೆಗಾಲವೂ ಉಪಪತ್ತಿಗಳು. ಬೆವರಿನ ಮಾತು ದೃಷ್ಟಾಂತ. ಕುಂಬಾರನ ಕೆಲಸದ ವರ್ಣನೆಯು ರಂಧ್ರಗಳ ಉತ್ಪತ್ತಿಗೆ ಅಂಗವಾಗಿ ಬಂದು, ತನ್ನ ಅಳತೆಯನ್ನು ಮೀರಿ ಬೆಳೆದ ಅರ್ಥವಾದಪ್ರಾಯವಾದ ಭಾಗ.

ಆದರೆ ಈ ಲಿಂಗಗಳನ್ನು ಲೌಕಿಕ ಗದ್ಯಕ್ಕೆ ಅನ್ವಯಿಸುವಾಗ ಎಚ್ಚರವು ಅಗತ್ಯ. ಅವು ಹುಟ್ಟಿದ್ದು ವೇದವಾಕ್ಯಗಳ ವಿಚಾರದಲ್ಲಿ. ಅಲ್ಲಿ ನಿರರ್ಥಕವಾದ ಮಾತಿಗೆ ಅವಕಾಶವಿಲ್ಲವೆಂಬುದು ಮೀಮಾಂಸಕರ ಮೂಲಭೂತವಾದ ಅಭ್ಯುಪಗಮ. ಲೌಕಿಕ ಲೇಖಕನ ವಿಷಯದಲ್ಲಿ ಹಾಗೆ ಹೇಳಲಾಗದು. ಅವನ ಪುನರುಕ್ತಿಯು ತಾತ್ಪರ್ಯವನ್ನು ತೋರದೆ ಅಜಾಗ್ರತೆಯನ್ನು ತೋರಬಹುದು. ಉಪಕ್ರಮವು ಓದುಗರನ್ನು ಸೆಳೆಯಲು ಹೇಳಿದ ಯಾವುದೋ ಕಥೆಯಾಗಿರಬಹುದು. ವೃತ್ತಪತ್ರಿಕೆಯ ವರದಿಯಲ್ಲಿ ಸಿದ್ಧಾಂತವು ಮೊದಲನೆಯ ವಾಕ್ಯದಲ್ಲಿಯೇ ಮುಗಿದು ಉಪಸಂಹಾರವೇ ಇಲ್ಲದಿರಬಹುದು. ಆದುದರಿಂದ ಒಂದು ಲಿಂಗದಿಂದ ನಿರ್ಣಯಿಸದೆ ಹಲವು ಲಿಂಗಗಳ ಸಂವಾದವನ್ನು ನೋಡತಕ್ಕದ್ದು. ವಿರೋಧವು ಬಂದಾಗ ಉಪಪತ್ತಿಯು ಯಾವುದನ್ನು ಸಾಧಿಸಲು ಬಂದಿದೆಯೋ ಅದನ್ನೇ ಪ್ರಧಾನವೆಂದು ಗ್ರಹಿಸತಕ್ಕದ್ದು. ಹೇತುವಿನ ದಿಕ್ಕನ್ನು ನೋಡಿದರೆ ಸಾಧ್ಯವು ತಾನಾಗಿ ತಿಳಿಯುತ್ತದೆ.

ಪಾಶ್ಚಾತ್ಯದೇಶಗಳಲ್ಲಿಯೂ ಈ ವಿಷಯದ ಶೋಧನೆಯು ನಡೆದಿದೆ. ೧೯೭೮ರಲ್ಲಿ ಕಿಂಟ್ಷ್ ಮತ್ತು ವಾನ್ ಡೈಕ್ ಎಂಬ ವಿದ್ವಾಂಸರು, ಓದುಗನ ಮನಸ್ಸು ಪಠ್ಯದ ವಾಕ್ಯಾರ್ಥಗಳಲ್ಲಿ ಕೆಲವನ್ನು ಬಿಟ್ಟು, ಕೆಲವನ್ನು ಸಾಮಾನ್ಯರೂಪಕ್ಕೆ ತಂದು, ಕೆಲವನ್ನು ಕೂಡಿಸಿ ಹೊಸ ವಾಕ್ಯಾರ್ಥವನ್ನು ಕಟ್ಟಿ ಸಾರವನ್ನು ಪಡೆಯುತ್ತದೆಂದು ನಿರೂಪಿಸಿದರು. ೧೯೮೩ರಲ್ಲಿ ಆನ್ ಬ್ರೌನ್ ಮತ್ತು ಜೀನ್ ಡೇ ಎಂಬವರು ಐದು, ಏಳು, ಹತ್ತನೆಯ ತರಗತಿಗಳವರನ್ನೂ ಕಾಲೇಜಿನ ವಿದ್ಯಾರ್ಥಿಗಳನ್ನೂ ಪರೀಕ್ಷಿಸಿ ಅವರು ಅನುಸರಿಸುವ ನಿಯಮಗಳನ್ನು ವಿಂಗಡಿಸಿದರು. ಅನಗತ್ಯವನ್ನು ಬಿಡುವುದು, ಪುನರುಕ್ತವನ್ನು ಬಿಡುವುದು, ಬಿಡಿ ವಸ್ತುಗಳ ಪಟ್ಟಿಗೆ ಒಂದು ಜಾತಿನಾಮವನ್ನಿಡುವುದು, ಮೂಲದಲ್ಲಿರುವ ಪ್ರಧಾನವಾಕ್ಯವನ್ನು ಆರಿಸುವುದು, ಅದು ಮೂಲದಲ್ಲಿಲ್ಲದಿದ್ದರೆ ತಾನೇ ರಚಿಸುವುದು, ಎಂಬಿವು ಆ ನಿಯಮಗಳು. ಬಿಡುವುದು ಚಿಕ್ಕವರಿಗೂ ಸಾಧ್ಯವಾಯಿತು. ಕಡೆಯದಾದ ವಾಕ್ಯರಚನೆಯು ಕಾಲೇಜಿನವರಿಗೂ ಕಷ್ಟವಾಗಿತ್ತು. ಚಿಕ್ಕವರ ರೂಢಿಯು ಕೆಲವನ್ನು ಅಳಿಸಿ ಉಳಿದುದನ್ನು ಇದ್ದಂತೆಯೇ ನಕಲುಮಾಡುವುದಾಗಿತ್ತು.

ಮೇಲೆ ತೋರಿಸಿದ ಮೊದಲನೆಯ ಬಗೆಯ ಸಂಗ್ರಹವು ಈ ಅಳಿಸಿ ನಕಲುಮಾಡುವ ರೂಢಿಯೇ. ದೋಷವು ಯಾವ ಒಂದು ನಾಡಿನದೂ ಅಲ್ಲ, ಬಾಲ್ಯಬುದ್ಧಿಗೆ ಸಹಜವಾದುದು. ಶಿಕ್ಷಣವು ಅದನ್ನು ದಾಟಿಸಬೇಕು. ಪಾಶ್ಚಾತ್ಯರ ನಿಯಮಗಳು ಹೇಗೆ ಕುಗ್ಗಿಸಬೇಕೆಂಬುದನ್ನು ಚೆನ್ನಾಗಿ ಹೇಳುತ್ತವೆ. ಪರರ ಮತಕ್ಕೂ ಸ್ವಮತಕ್ಕೂ ಇರುವ ಭೇದವನ್ನು ಹೇಗೆ ಕಾಯಬೇಕೆಂಬುದು ಆ ಪಟ್ಟಿಯಲ್ಲಿ ಬೇರೆಯಾಗಿ ಕಾಣುವುದಿಲ್ಲ. ಅಧಿಕರಣಪದ್ಧತಿಯಲ್ಲಿ ಅದೇ ಮೊದಲನೆಯ ಪಾಠ. ಎರಡನ್ನೂ ಸೇರಿಸಿಕೊಂಡಾಗ ಬೋಧನೆಗೆ ಪೂರ್ಣತೆ ಬರುತ್ತದೆ.

೫

ಹೀಗೆಂದಮಾತ್ರಕ್ಕೆ ಸಂಸ್ಕೃತಪಾಠಶಾಲೆಗಳ ಕ್ರಮವೇ ನಿರ್ದುಷ್ಟವಾದುದೆಂದು ತಿಳಿಯಲಾಗದು. ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯು ೧೮೭೬ರಲ್ಲಿ ಸ್ಥಾಪಿತವಾದುದು. ಅಂಥ ಶಾಲೆಗಳಲ್ಲಿ ತರ್ಕವನ್ನು ಹಿಡಿದ ಬಾಲಕರ ಮೊದಲನೆಯ ಗ್ರಂಥವು ಸಾಮಾನ್ಯವಾಗಿ ಅನ್ನಂಭಟ್ಟನ ತರ್ಕಸಂಗ್ರಹ. ಬಾಲಕರ ಸುಖಬೋಧಕ್ಕಾಗಿಯೇ ರಚಿತವಾದ ಆ ಗ್ರಂಥವು ಸಂಗ್ರಹಗಳಲ್ಲಿ ಮಾದರಿಯಾದುದು. ಆದರೆ ಬಾಲಕನು ಮಾಡುವುದೇನು? ಅದನ್ನು ಕಂಠಪಾಠ ಮಾಡುತ್ತಾನೆ, ದೀಪಿಕೆಯನ್ನು ಓದುತ್ತಾನೆ, ಪದಕೃತ್ಯವನ್ನು ಹೇಳುತ್ತಾನೆ. ಅನ್ಯನು ಮಾಡಿದ ಸಂಗ್ರಹವನ್ನು ವಿಸ್ತರಿಸುವುದರಲ್ಲಿ ಅವನಿಗೆ ದೊರೆಯುವ ಪಾಟವವು ಅದ್ಭುತವಾದುದು. ತಾನೇ ಒಂದು ವಿಸ್ತಾರವಾದ ಗ್ರಂಥವನ್ನು ಸಂಗ್ರಹಿಸುವ ಅಭ್ಯಾಸವು ಅವನಿಗೆ ಬಹುಶಃ ದೊರೆಯುವುದೇ ಇಲ್ಲ. ವ್ಯಾಸಕ್ಕೆ ಶಿಕ್ಷಣವುಂಟು, ಸಮಾಸಕ್ಕೆ ಇಲ್ಲ. ಇಂದಿನ ಶಾಲೆಯ ಬಾಲಕನು ಗೈಡಿನ ಸಾರಾಂಶವನ್ನು ಉರುಹೊಡೆಯುವುದನ್ನು ಕಂಡು ಆಕ್ಷೇಪಿಸುವ ಪಂಡಿತರು ಈ ಸಾಮ್ಯವನ್ನೂ ಗಮನಿಸಬೇಕು. ಗ್ರಂಥದ ಗುಣದಲ್ಲಿ ಅಜಗಜಾಂತರವಿದ್ದರೂ ಕಲಿಯುವವನ ವ್ಯಾಪಾರವು ಎರಡು ಕಡೆಯಲ್ಲಿಯೂ ಒಂದೇ.

ಇನ್ನೊಂದು ಭೇದವೂ ಗಮನಾರ್ಹ. ಸೂತ್ರವಾಗಲಿ ನ್ಯಾಯಮಾಲೆಯ ಶ್ಲೋಕವಾಗಲಿ ಗುರುಮುಖದಿಂದ ವಿವರಣೆಯನ್ನು ಕೇಳಿದವನ ನೆನಪಿಗಾಗಿ ಇರುವುದು. ಅದು ಸ್ಮಾರಕಸಂಗ್ರಹ, ತಿಳಿದವನಿಗೆ ತಿಳಿದುದನ್ನು ಎತ್ತಿಕೊಡುತ್ತದೆ. ಇಂದಿನ ಶಾಲೆ ಕಚೇರಿಗಳು ಅಪೇಕ್ಷಿಸುವ ಸಂಗ್ರಹವು ಮೂಲವನ್ನು ನೋಡದವನಿಗೂ ಅರ್ಥವಾಗತಕ್ಕ ಬೋಧಕಸಂಗ್ರಹ. ಮೊದಲನೆಯದರಲ್ಲಿ ಅಕ್ಷರಲಾಘವವೇ ಭೂಷಣ. ಎರಡನೆಯದರಲ್ಲಿ ಸಂಬಂಧಪದಗಳನ್ನು ಬಿಟ್ಟ ಲಾಘವವು ದೋಷ. ಸಂಗ್ರಹವು ಯಾರಿಗಾಗಿ ಎಂಬ ಅಧಿಕಾರಿವಿಚಾರವನ್ನು ಮೊದಲೇ ಮಾಡಿಸದೆ ‘ಚಿಕ್ಕದಾಗಿ ಬರೆ’ ಎಂದರೆ ವಿದ್ಯಾರ್ಥಿಯು ಒಗಟನ್ನಾದರೂ ಬರೆಯುವನು, ನಕಲನ್ನಾದರೂ ಮಾಡುವನು.

೬

ಈ ವಿಚಾರದಿಂದ ಬೋಧನಕ್ರಮಕ್ಕೆ ಒದಗುವ ಅಂಶಗಳನ್ನು ಸಂಕ್ಷೇಪವಾಗಿ ಹೇಳಬಹುದು. ಮೊದಲು ಗದ್ಯಭಾಗವು ಯಾವ ಪ್ರಶ್ನೆಗೆ ಉತ್ತರವಾಗಿದೆಯೆಂಬುದನ್ನು ವಿದ್ಯಾರ್ಥಿಯು ಒಂದು ಪ್ರಶ್ನಾವಾಕ್ಯವಾಗಿ ಬರೆಯಬೇಕು. ಪ್ರಶ್ನೆಯು ತಪ್ಪಾದರೆ ಮುಂದಿನದನ್ನು ಬರೆಯಿಸುವುದು ವ್ಯರ್ಥ. ಆಮೇಲೆ ಪ್ರತಿಯೊಂದು ವಾಕ್ಯದ ಪಕ್ಕದಲ್ಲಿಯೂ ಅದು ಗ್ರಂಥಕಾರನ ಮತವೋ ಅವನು ಅನುವಾದಿಸಿದ ಪರಮತವೋ, ಹೇತುವೋ, ದೃಷ್ಟಾಂತವೋ, ವರ್ಣನೆಯೋ ಎಂದು ಗುರುತುಮಾಡಿಸಬೇಕು. ಮೂರನೆಯದಾಗಿ, ಪುಸ್ತಕವನ್ನು ಮುಚ್ಚಿ ಅರ್ಥವನ್ನು ಬಾಯಲ್ಲಿ ಹೇಳಿಸಬೇಕು. ಪುಸ್ತಕವು ತೆರೆದಿರುವವರೆಗೂ ಕೈಯು ನಕಲಿಗೆ ಎಳೆಯುತ್ತದೆ; ಮುಚ್ಚಿದ ಮೇಲೆ ಉಳಿದದ್ದೇ ಗೃಹೀತವಾದುದು. ಬಾಯಲ್ಲಿ ಹೇಳಿದ ಅರ್ಥವನ್ನು ಬರೆದಾದಮೇಲೆ ಪುಸ್ತಕವನ್ನು ತೆರೆದು ತಪ್ಪಿಹೋದ ಹೇತುವಿದೆಯೇ, ಸೇರಿಹೋದ ಸ್ವಾಭಿಪ್ರಾಯವಿದೆಯೇ ಎಂದು ಹೋಲಿಸಬೇಕು. ಅದೇ ಭಾಗವನ್ನು ಮೊದಲು ಮೂರನೆಯ ಒಂದು ಪಾಲಿಗೆ, ಮುಂದೆ ಹತ್ತನೆಯ ಒಂದು ಪಾಲಿಗೆ, ಕಡೆಗೆ ಒಂದೇ ವಾಕ್ಯಕ್ಕೆ ಇಳಿಸಿದರೆ ಪ್ರಧಾನಾಂಗಭಾವವು ತಾನಾಗಿ ಸ್ಪಷ್ಟವಾಗುತ್ತದೆ.

ಪರೀಕ್ಷೆಗೆ ಒಂದು ಸುಲಭವಾದ ಉಪಾಯವೂ ಉಂಟು. ಒಬ್ಬ ವಿದ್ಯಾರ್ಥಿಯ ಸಂಗ್ರಹವನ್ನು ಮೂಲವನ್ನು ಓದದ ಇನ್ನೊಬ್ಬನಿಗೆ ಕೊಟ್ಟು, ‘ಇದರಲ್ಲಿ ಸಾಧಿಸಿದುದೇನು? ಯಾವ ಕಾರಣದಿಂದ? ಯಾರ ಮತವನ್ನು ನಿರಾಕರಿಸಲಾಗಿದೆ?’ ಎಂದು ಕೇಳಬೇಕು. ಅವನು ಉತ್ತರಿಸಬಲ್ಲನಾದರೆ ಸಂಗ್ರಹವು ಸಫಲ. ವಿದ್ಯಾರ್ಥಿಗಳ ಸಂಖ್ಯೆ ಅಧಿಕವಾಗಿರುವ ತರಗತಿಯಲ್ಲಿ ಎಲ್ಲರ ಬರೆಹವನ್ನೂ ಒಬ್ಬ ಉಪಾಧ್ಯಾಯನೇ ತಿದ್ದುವುದು ಅಸಾಧ್ಯವೆಂಬ ಆಕ್ಷೇಪಕ್ಕೂ ಇದರಲ್ಲಿ ಸಮಾಧಾನವಿದೆ, ಒಬ್ಬರಿಗೊಬ್ಬರು ಪರೀಕ್ಷಕರಾಗುತ್ತಾರೆ. ಅಂಕದಾನದಲ್ಲಿಯೂ ಮಾರ್ಪಾಡು ಬೇಕು. ಪದಸಂಖ್ಯೆಯು ಸರಿಯಾಗಿದೆಯೇ ಎಂಬುದಕ್ಕಿಂತ ಪೂರ್ವಪಕ್ಷಸಿದ್ಧಾಂತಗಳ ವಿವೇಕಕ್ಕೂ ಹೇತುವಿನ ಉಳಿವಿಗೂ ಹೆಚ್ಚು ಅಂಕಗಳು ಸಲ್ಲಬೇಕು. ಮೂಲದಲ್ಲಿಲ್ಲದ ನೀತಿಯನ್ನು ಸೇರಿಸಿದರೆ ಅಂಕವನ್ನು ಕಳೆಯಬೇಕು.

ಇನ್ನು ಒಂದು ಶಂಕೆ. ಈಚಿನ ವರ್ಷಗಳಲ್ಲಿ ಗಣಕಯಂತ್ರಗಳು ಎಷ್ಟು ದೀರ್ಘವಾದ ಬರೆಹವನ್ನಾದರೂ ಕ್ಷಣಮಾತ್ರದಲ್ಲಿ ಕುಗ್ಗಿಸಿಕೊಡುತ್ತವೆ, ಕನ್ನಡದಲ್ಲಿಯೂ ಕೊಡುತ್ತವೆ. ಹಾಗಿರಲಾಗಿ ಈ ಶ್ರಮವೇಕೆ ಎಂದು ವಿದ್ಯಾರ್ಥಿಗಳೂ ಕೆಲವು ಉಪಾಧ್ಯಾಯರೂ ಕೇಳುತ್ತಾರೆ. ಸಂಗ್ರಹದ ಫಲವು ಕಾಗದದ ಮೇಲಿನ ಹತ್ತು ವಾಕ್ಯಗಳಷ್ಟೇ ಆಗಿದ್ದರೆ ಈ ಶಂಕೆಗೆ ಉತ್ತರವಿರುತ್ತಿರಲಿಲ್ಲ. ಆದರೆ ಯಂತ್ರವು ಕೊಟ್ಟ ಸಂಗ್ರಹದಲ್ಲಿ ಖಂಡಿತವಾದ ಮತವು ಸಿದ್ಧಾಂತವಾಗಿ ನುಸುಳಿದೆಯೇ, ಮೂಲದಲ್ಲಿಲ್ಲದುದು ಸೇರಿದೆಯೇ ಎಂದು ನಿರ್ಣಯಿಸುವವರು ಯಾರು? ಮೂಲವನ್ನು ಓದಿ ಸಂಗ್ರಹಿಸಬಲ್ಲವನೇ ಅದನ್ನು ನಿರ್ಣಯಿಸಬೇಕು. ಚಿನ್ನವನ್ನು ತಾನೇ ತಯಾರಿಸದವನೂ ಒರೆಗಲ್ಲನ್ನು ಇಟ್ಟುಕೊಂಡಿರಬಹುದು. ಇಲ್ಲಿಯಾದರೋ ಒರೆಗಲ್ಲು ಅಭ್ಯಾಸದಿಂದ ಹೊರತು ಬೇರೆ ಕಡೆಯಲ್ಲಿ ದೊರೆಯುವುದಿಲ್ಲ. ಸಿದ್ಧಸಂಗ್ರಹಗಳು ಹೆಚ್ಚಿದಷ್ಟೂ ಅವುಗಳನ್ನು ಪರೀಕ್ಷಿಸಬಲ್ಲವರ ಆವಶ್ಯಕತೆಯೂ ಹೆಚ್ಚುತ್ತದೆ.

ಕನ್ನಡದಲ್ಲಿ ಶಾಸ್ತ್ರಗದ್ಯದ ಕೊರತೆಯಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದಾಗಿನಿಂದ ಶಿವರಾಮ ಕಾರಂತರ ‘ಬಾಲಪ್ರಪಂಚ’, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಮೊದಲಾದವುಗಳವರೆಗೆ ಅಭ್ಯಾಸಕ್ಕೆ ತಕ್ಕ ಸಾಮಗ್ರಿಯು ಹೇರಳವಾಗಿದೆ. ಪಠ್ಯಪುಸ್ತಕಗಳಲ್ಲಿ ಇಂಥ ಬರೆಹಗಳಿಗೆ ಸ್ಥಾನವು ಹೆಚ್ಚಬೇಕು. ಪ್ರಶ್ನಪತ್ರಿಕೆಗಳಲ್ಲಿ ಸಾರಾಂಶದ ಪ್ರಶ್ನೆಯು ಪದ್ಯವನ್ನು ಬಿಟ್ಟು ಗದ್ಯಕ್ಕೆ ಬರಬೇಕು. ಉಪಾಧ್ಯಾಯರ ಶಿಕ್ಷಣದಲ್ಲಿ ಉದ್ದೇಶನಿರ್ದೇಶಗಳ, ಪೂರ್ವಪಕ್ಷಸಿದ್ಧಾಂತಗಳ ವಿವೇಕಕ್ಕೆ ಕೆಲವು ಪಾಠಗಳಾದರೂ ಮೀಸಲಾಗಬೇಕು. ಅನ್ಯನು ಹೇಳಿದುದನ್ನು, ಅದು ತನಗೆ ಸಮ್ಮತವಾಗಲಿ ಅಸಮ್ಮತವಾಗಲಿ, ಅವನೇ ಒಪ್ಪುವಂತೆ ಹೇಳಿ ಆಮೇಲೆ ತನ್ನ ಮಾತನ್ನು ಆರಂಭಿಸುವ ವಾಗ್ಮರ್ಯಾದೆಯು ಈ ದೇಶದ ವಿದ್ವತ್ಸಭೆಗಳಲ್ಲಿ ಚಿರಕಾಲದಿಂದ ನಡೆದುಬಂದುದು. ಅದು ಸಭೆಗಳಿಂದ ಶಾಲೆಗಳಿಗೆ ಇಳಿದುಬರುವಂತೆ ಮಾಡುವ ಭಾರವು ಭಾಷೋಪಾಧ್ಯಾಯರ ಮೇಲಿದೆ.